ಇಬ್ಬನಿ ಕೂರದ ಜಾಗ

ನಾನು ಓದಲು ಕಲಿತದ್ದು ಥರ್ಮಾಮೀಟರಿನಲ್ಲಿ. ಶಾಲೆಗೆ ಎರಡು ವರ್ಷ ಹೋಗಿದ್ದೆ ಅಂತ ಹೆಸರಿಗೆ ಹೇಳಬಹುದು. ಅಲ್ಲಿ ಕಲಿತದ್ದಕ್ಕಿಂತ ಮೇಷ್ಟರ ಮನೆಗೆ ನೀರು ಹೊತ್ತದ್ದೇ ಹೆಚ್ಚು. ಈಗಲೂ ಒತ್ತಕ್ಷರ ಎದುರಾದರೆ ಎರಡು ಸಲ ನೋಡುತ್ತೇನೆ. ಅಂಕಿ ಮಾತ್ರ ತಪ್ಪುವುದಿಲ್ಲ. ಆ ಅಂಕಿ ಕಲಿಸಿದ ಮನುಷ್ಯನ ಕೆಲಸವನ್ನು ನಾನೇ ಕಳೆಯುವುದರಲ್ಲಿದ್ದೆ. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು.

ಎಪ್ಪತ್ತರ ದಶಕದ ಕೊನೆ. ಬಂಗಾರಪೇಟೆ ಸ್ಟೇಷನ್ನಿನಿಂದ ಅರ್ಧ ಗಂಟೆ ನಡೆದರೆ ಒಂದು ಬೀಜದ ಫಾರಂ ಇತ್ತು, ಸರ್ಕಾರದ್ದು. ಅಲ್ಲಿ ಕಳೆ ಕೀಳಲು, ಕಸ ಗುಡಿಸಲು ದಿನಗೂಲಿಗೆ ಹೋಗುತ್ತಿದ್ದೆ. ಫಾರಂನ ಒಂದು ಮೂಲೆಗೆ ತಂತಿ ಬೇಲಿ ಹಾಕಿ, ಒಳಗೆ ಹುಲ್ಲು ಬೆಳೆಸಿ ನೀಟಾಗಿ ಕತ್ತರಿಸಿಟ್ಟಿದ್ದರು. ದನ ಬಿಡುವ ಹಾಗಿಲ್ಲ, ಕೊಯ್ದು ಒಯ್ಯುವ ಹಾಗೂ ಇಲ್ಲ. ತಿನ್ನಲು ಯಾರಿಗೂ ಇಲ್ಲದ ಹುಲ್ಲನ್ನು ಯಾಕೆ ಬೆಳೆಸುತ್ತಾರೆ ಅಂತ ನನಗೆ ಮೊದಲ ದಿನ ಸಿಟ್ಟೇ ಬಂದಿತ್ತು. ಹವಾಮಾನ ಅಳೆಯುವ ಜಾಗ ಅಂತ ಆಮೇಲೆ ಗೊತ್ತಾಯಿತು. ಹುಲ್ಲಿನ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳೀ ಪೆಟ್ಟಿಗೆ, ಪಕ್ಕೆಯೆಲ್ಲ ಗಾಳಿಯಾಡುವ ಹಲಗೆಪಟ್ಟಿ. ಅದರೊಳಗೆ ಥರ್ಮಾಮೀಟರುಗಳು. ಮಳೆ ಅಳೆಯುವ ಒಂದು ಡಬ್ಬ. ಬಿಸಿಲಿಗೆ ಇಟ್ಟ ಒಂದು ಗಾಜಿನ ಗುಂಡು. ಬಿಸಿಲು ಕಾದಷ್ಟು ಹೊತ್ತೂ ಅದು ಹಿಂದಿನ ರಟ್ಟಿನ ಪಟ್ಟಿಯನ್ನು ಗೆರೆ ಎಳೆದ ಹಾಗೆ ಸುಡುತ್ತಿತ್ತು. ಇನ್ನೊಂದು ಥರ್ಮಾಮೀಟರು, ಅದೇ ಈ ಕಥೆಯ ಮುಖ್ಯ. ಅದನ್ನು ಸಂಜೆ ಹುಲ್ಲಿನ ಮೇಲೆ ಎರಡು ಕವೆಗೂಟಗಳ ನಡುವೆ ಮಲಗಿಸಿ ಹೋಗಬೇಕು. ರಾತ್ರಿ ನೆಲ ಎಷ್ಟು ತಣ್ಣಗಾಯಿತು ಅಂತ ಬೆಳಿಗ್ಗೆ ನೋಡಿ ಬರೆಯಬೇಕು.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬರು, ಚಿನ್ನದ ಗಣಿಯ ಊರಿಗಾಂನಲ್ಲಿ ಗಣಿ ಕೂಲಿಗಳ ಲೈನುಮನೆಯಲ್ಲಿ ಇದ್ದವರು. ಅಪ್ಪ ಗಣಿಯೊಳಗೆ ಇಳಿದು ಎದೆ ಕೆಡಿಸಿಕೊಂಡವನು. ಮಗನಿಗೆ ಇಳಿಯಬೇಡ ಅಂದಿದ್ದನಂತೆ. ಹಾಗಾಗಿ ಇವರು ಅಲ್ಲಿ ಇಲ್ಲಿ ಸುತ್ತಿ ತಡವಾಗಿ ಸರ್ಕಾರದ ಕೆಲಸಕ್ಕೆ ಸೇರಿದ್ದರು. ದಿನಾ ಮೊದಲ ಟ್ರೈನಿಗೆ ಬಂಗಾರಪೇಟೆಗೆ ಬರುತ್ತಿದ್ದರು. ಮಾತು ಅರ್ಧ ಕನ್ನಡ, ಅರ್ಧ ತಮಿಳು. ನನ್ನನ್ನು ಕರೆಯುತ್ತಿದ್ದದ್ದು ತಂಗಚ್ಚಿ ಅಂತ. ಅವರ ಮಾತಿನಲ್ಲಿ ತಂಗಿ. ಕೂಲಿಯವಳನ್ನು ಆ ಫಾರಂನಲ್ಲಿ ಬೇರೆ ಯಾರೂ ಹಾಗೆ ಕರೆದಿರಲಿಲ್ಲ. ನಾನು ಅಣ್ಣಾ ಅನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ, ನಾನು ಹುಲ್ಲು ಕತ್ತರಿಸುತ್ತಿದ್ದಾಗ, ಅವರು ಪೆಟ್ಟಿಗೆಯ ಬಾಗಿಲು ತೆಗೆದು ಮೂಗು ತಗಲುವಷ್ಟು ಬಗ್ಗಿ ನಿಂತೇ ಇದ್ದರು. ಆಮೇಲೆ ಮೆಲ್ಲಗೆ ಕರೆದರು.

"ತಂಗಚ್ಚಿ, ನಿನಗೆ ನಂಬರ್ ಓದೋಕೆ ಬರುತ್ತಾ?"

"ಬಸ್ಸಿನ್ ನಂಬರ್ ಬತ್ತದೆ."

"ಅಷ್ಟೇ ಸಾಕು. ಇಲ್ಲಿ ನೋಡಿ ಹೇಳು."

ಗಾಜಿನೊಳಗೆ ಕೂದಲಿನಷ್ಟು ಸಣ್ಣ ಬೆಳ್ಳಿ ಗೆರೆ. ಅದು ಎಲ್ಲಿ ನಿಂತಿದೆ, ಪಕ್ಕದ ಅಂಕಿ ಯಾವುದು, ನಡುವಿನ ಸಣ್ಣ ಗೀಟು ಎಷ್ಟನೆಯದು ಅಂತ ಅರ್ಧ ಗಂಟೆ ಕಲಿಸಿದರು. ಕಣ್ಣನ್ನು ಗೆರೆಯ ಸಮಕ್ಕೆ ಇಟ್ಟು ನೋಡಬೇಕು, ಮೇಲಿಂದ ನೋಡಿದರೆ ಒಂದು ಅಂಕಿ, ಕೆಳಗಿಂದ ನೋಡಿದರೆ ಇನ್ನೊಂದು ಕಾಣುತ್ತದೆ ಅಂದರು. ಆಮೇಲೆ ಹೇಳಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಪಿಂಚಣಿ ಸಿಗುವಷ್ಟು ವರ್ಷ ತುಂಬಲು ಇನ್ನೊಂದು ವರ್ಷ ಬಾಕಿ. ಕಣ್ಣಿಲ್ಲ ಅಂತ ಮೇಲಿನವರಿಗೆ ಗೊತ್ತಾದರೆ ನಾಳೆಯೇ ಮನೆಗೆ, ಬರಿಗೈಯಲ್ಲಿ. ಮನೆಯಲ್ಲಿ ಹೆಂಡತಿ ಒಬ್ಬಳು, ಬೇರೆ ದಿಕ್ಕಿಲ್ಲ.

"ಆಪರೇಷನ್ ಮಾಡ್ಸ್ಕೊಳ್ಳಣ್ಣ."

"ನಮ್ ಚಿತ್ತಪ್ಪ ಮಾಡಿಸ್ಕೊಂಡು ಇದ್ದ ಕಣ್ಣೂ ಕಳ್ಕೊಂಡ್ರು. ಅದೂ ಅಲ್ಲದೆ ರಜಾ ಕೇಳಿದ್ರೆ ಯಾಕೆ ಅಂತ ಕೇಳ್ತಾರಲ್ಲ?"

ಅವತ್ತಿನಿಂದ ನಾನು ಓದುವುದು, ಅವರು ಬರೆಯುವುದು. ಬೆಳಿಗ್ಗೆ ಏಳರ ಮೇಲೆ ಒಂದು ಸಲ, ಮಧ್ಯಾಹ್ನ ಎರಡರ ಮೇಲೆ ಒಂದು ಸಲ. ನಾನು ಬೇಲಿಯೊಳಗಿಂದ ಅಂಕಿ ಕೂಗುತ್ತಿದ್ದೆ. ಅವರು ಕೋಣೆಯಲ್ಲಿ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡು ಬರೆಯುತ್ತಿದ್ದರು.

ಮಧ್ಯಾಹ್ನದ ಓದು ನನಗೆ ತಪ್ಪು ಹೊತ್ತು ಅನಿಸುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಅಣ್ಣಾ, ಸೂರ್ಯ ನೆತ್ತಿ ಮ್ಯಾಲಿರೋದು ಅನ್ನೆರಡಕ್ಕೆ. ಎರಡು ಗಂಟೆಗ್ಯಾಕೆ ನೋಡೋದು? ಆಗ ಇಳಿದಿರಲ್ವಾ?"

"ನೀನು ಬೆಳಿಗ್ಗೆ ರೊಟ್ಟಿ ಸುಟ್ಟೆಯಾ?"

"ಮುದ್ದೆ ಮಾಡ್ದೆ."

"ಮುದ್ದೆ ತಿನ್ನೋರಿಗೆ ಹೆಂಚಿನ ಉದಾಹರಣೆ ಹೇಳೋದು ಕಷ್ಟಪ್ಪ. ದೋಸೆ ಹುಯ್ಯಲ್ವಾ?"

"ಅಬ್ಬಕ್ಕೆ."

"ಸರಿ, ಇವತ್ತು ಹಬ್ಬ ಅಂತಿಟ್ಕೋ. ಸೌದೆ ಉರಿ ಜೋರಾಗಿದ್ದ ಹೊತ್ತಿಗೇ ಹೆಂಚು ಕಾದಿರುತ್ತಾ? ಇಲ್ಲ. ಉರಿ ಸ್ವಲ್ಪ ಇಳಿದ ಮೇಲೂ ಹೆಂಚು ಕಾಯ್ತಾನೇ ಇರುತ್ತೆ. ನೆಲಾನೇ ಹೆಂಚು. ಸೂರ್ಯ ಗಾಳಿನ ದಾಟ್ಕೊಂಡು ನೇರ ನೆಲಕ್ಕೆ ಬರ್ತಾನೆ, ದಾರೀಲಿ ಗಾಳಿಗೆ ಕೊಡೋದು ಚೂರೇ ಚೂರು. ನೆಲ ಮೊದಲು ಕುಡಿಯುತ್ತೆ, ಆಮೇಲೆ ಮೇಲಕ್ಕೆ ಬಿಡುತ್ತೆ. ನಮ್ಮ ಪೆಟ್ಟಿಗೆ ಅಳೆಯೋದು ಆ ಬಿಟ್ಟಿದ್ದನ್ನ."

ಕೋಲಾರದ ಬೆಟ್ಟಕ್ಕೆ ಒಂದು ಸಲ ಹೋಗಿದ್ದೆ, ಮೇಲೆ ತಣ್ಣಗಿತ್ತು. ಸೂರ್ಯನಿಗೆ ಹತ್ತಿರ ಹೋದರೆ ಸುಡಬೇಕಲ್ಲ ಅಂತ ಅವತ್ತೇ ಅನಿಸಿತ್ತು.

"ಅಂಗಾದ್ರೆ ಬೆಟ್ಟದ್ ಮ್ಯಾಲೆ ಕೂತ್ರೆ ಒಲೆಯಿಂದ ದೂರ ಕೂತಂಗೆ."

ಅವರು ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿದರು. "ಇದನ್ನ ನಿನಗೆ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನೀವು ಎಂಚು ಅಂದ್ರಲ್ಲ."

ಆ ದಿನದಿಂದ ಅವರಿಗೆ ಉತ್ಸಾಹ ಬಂತು. ದಿನಾ ಒಂದೊಂದು ಹೇಳುತ್ತಿದ್ದರು. ಊರಿಗಾಂ ಪಕ್ಕದ ಕೋರಮಂಡಲ್ ಕಡೆ ಗಣಿಯ ಮಣ್ಣು ಸುರಿದು ಬೆಳೆದ ಬೋಳು ಗುಡ್ಡಗಳಿವೆಯಲ್ಲ, ಅಲ್ಲಿ ಮಧ್ಯಾಹ್ನ ಕಾಲಿಡಲು ಆಗುವುದಿಲ್ಲ, ಬೆಳಗಿನ ಜಾವ ಕೈಯಿಟ್ಟರೆ ಹಿಮದಂತೆ. ಬೇಗ ಕಾದದ್ದು ಬೇಗ ಕಳೆಯುತ್ತದೆ. ಬೇತಮಂಗಲದ ಕೆರೆಯ ನೀರು ಹಾಗಲ್ಲ, ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಬಿಡುತ್ತದೆ. ನಾನು ಕಳೆ ಕೀಳುತ್ತಾ ಕೇಳುತ್ತಿದ್ದೆ. ಆ ಕೂಲಿಗೆ ಆ ಮಾತನ್ನು ಸೇರಿಸಿಕೊಂಡರೆ ನನಗೆ ಹೆಚ್ಚೇ ಸಿಗುತ್ತಿತ್ತು ಅಂತ ಈಗ ಅನಿಸುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹುಲ್ಲಿನ ಥರ್ಮಾಮೀಟರು ಕವೆಯಿಂದ ಬಿದ್ದು ಉರುಳಿತ್ತು. ಬೇಲಿಯ ಕೆಳಗೆ ನಾಯಿ ತೂರಿ ಬಂದ ಗುರುತು. ಪುಣ್ಯಕ್ಕೆ ಒಡೆದಿರಲಿಲ್ಲ. ಅಣ್ಣನಿಗೆ ಹೇಳಿದಾಗ ಅವರು ಅದನ್ನು ತೆಗೆದುಕೊಂಡು ಉದ್ದಕ್ಕೂ ಬೆರಳಾಡಿಸಿ ನೋಡಿದರು.

"ಒಡೆದಿದ್ರೆ ಹೊಸದು ತಗೊಂಡು ದೊಡ್ಡ ಕಚೇರಿಯಿಂದ ಆಳು ಬರ್ತಿದ್ದ. ಅವನ ಎದುರಿಗೆ ನಾನೇ ಅಲ್ಲಿಟ್ಟು ನಾನೇ ಓದಬೇಕಿತ್ತು. ಮುಗೀತು ಅಷ್ಟೇ."

ನಾನು ಬೇಲಿಯ ಕೆಳಗೆ ಮುಳ್ಳು ತುರುಕಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ನಮ್ಮ ಮನೆಯಲ್ಲಿ ಸಂಜೆಯಾದರೆ ಹೊರಗೆ ಯಾವ ಎಳೆಯದ್ದನ್ನೂ ಬರಿದಾಗಿ ಬಿಡುವುದಿಲ್ಲ. ಕೋಳಿಮರಿಯ ಮೇಲೆ ಮಂಕರಿ ಕವುಚಬೇಕು, ಟೊಮೇಟೊ ಪೈರಿನ ಮೇಲೆ ಹುಲ್ಲು ಹರಡಬೇಕು, ಮಗುವಿನ ನೆತ್ತಿಗೆ ಬಟ್ಟೆ. ಮೇಲಿಂದ ಮಂಜು ಬೀಳುತ್ತದೆ, ನೆಗಡಿಯಾಗುತ್ತದೆ ಅಂತ ನಮ್ಮತ್ತೆ. ಮರುದಿನ ಮನೆಯಿಂದ ಒಂದು ಹಳೆಯ ಬಿದಿರು ಮಂಕರಿ ತಂದೆ, ಸಗಣಿ ಬಳಿದು ತೂತೆಲ್ಲ ಮುಚ್ಚಿದ್ದು. ಸಂಜೆ ಥರ್ಮಾಮೀಟರು ಮಲಗಿಸಿ ಅದರ ಮೇಲೆ ಕವುಚಿ ಒಂದು ಕಲ್ಲು ಹೇರಿದೆ. ಬೆಳಿಗ್ಗೆ ಎತ್ತುವುದು, ಎತ್ತಿದ ಕೂಡಲೇ ಓದುವುದು, ಮಂಕರಿಯನ್ನು ಬೇಲಿಗೆ ಒರಗಿಸುವುದು. ಅಣ್ಣನಿಗೆ ಹೇಳಲಿಲ್ಲ. ಹೇಳಬೇಕಾದ ವಿಷಯ ಅಂತಲೇ ನನಗೆ ಅನಿಸಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಅವರಿಗೆ ಮಾತ್ರ ಏನೋ ಅನುಮಾನ. "ಈ ವರ್ಷ ನೆಲ ಬೆಚ್ಚಗಿದೆ ತಂಗಚ್ಚಿ. ಪೆಟ್ಟಿಗೇಲಿ ಹದಿನಾಲ್ಕಿದ್ರೆ ಹುಲ್ಲಿನ ಮೇಲೆ ಹತ್ತು ಹನ್ನೊಂದು ಇರಬೇಕು. ನೀನು ಹದಿಮೂರೂವರೆ ಅಂತೀಯ. ಸರಿಯಾಗಿ ನೋಡಿದೆಯಾ?"

"ಬೇಕಾದ್ರೆ ನೀವೇ ನೋಡ್ರಣ್ಣ," ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೀನು ಹೇಳಿದ ಮೇಲೆ ಸರಿ," ಅಂತ ಬರೆದುಕೊಂಡರು.

ಹಾಗೆ ಎರಡು ತಿಂಗಳು. ಸಂಕ್ರಾಂತಿಯ ಹಿಂದೆಮುಂದೆ ಒಂದು ಬೆಳಿಗ್ಗೆ, ನಾನು ಆಗತಾನೇ ಮಂಕರಿ ಎತ್ತಿ ಓದಿದ್ದೆ, ಒಂದು ಜೀಪು ಬಂದು ನಿಂತಿತು. ದೊಡ್ಡ ಕಚೇರಿಯ ಅಧಿಕಾರಿ. ಕಂಕುಳಲ್ಲಿ ಕಾಗದದ ಕಟ್ಟು. ಕಾಫಿಯನ್ನೂ ಕೇಳದೆ ನೇರ ಅಣ್ಣನ ಕೋಣೆಗೆ ಹೋದರು. ಕಿಟಕಿಯ ಹೊರಗೆ ನಾನು ಪೊರಕೆ ಹಿಡಿದು ನಿಂತೆ.

"ಮೋಡ ಇಲ್ಲದ ಬೆಳಿಗ್ಗೆ ಎಲ್ಲಾ ಊರಲ್ಲೂ ನೆಲದ ಅಂಕಿ ಪೆಟ್ಟಿಗೆಯದಕ್ಕಿಂತ ಮೂರು ನಾಲ್ಕು ಕಡಿಮೆ ಇರುತ್ತೆ. ನಿಮ್ಮದು ಮಾತ್ರ ಎರಡು ತಿಂಗಳಿಂದ ಒಂದೇ ಸಮ. ಥರ್ಮಾಮೀಟರ್ ಕೆಟ್ಟಿದೆ, ಇಲ್ಲಾ ನೀವು ಮನೇಲಿ ಕೂತ್ಕೊಂಡು ಬರೀತಿದ್ದೀರಿ. ಯಾವುದು?"

"ಮನೇಲಿ ಕೂತು ಬರೆದಿಲ್ಲ ಸಾರ್," ಅಂದರು ಅಣ್ಣ. ನನ್ನ ಕಡೆ ಬೆರಳು ತೋರಿಸಲಿಲ್ಲ.

ಮೂವರೂ ಬೇಲಿಯೊಳಗೆ ಬಂದೆವು. ಆಕಾಶ ತೊಳೆದ ಹಾಗಿತ್ತು, ಮೈ ಕೊರೆಯುವ ಚಳಿ. ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಕೂತಿತ್ತು, ಸುಣ್ಣ ಎರಚಿದ ಹಾಗೆ. ನಡುವೆ ಒಂದು ಕಡೆ ಮಾತ್ರ ಹಸಿರು ಹಸಿರಾಗಿ, ಗುಂಡಗೆ, ಇಬ್ಬನಿ ಕೂರದ ಒಂದು ಜಾಗ.

ಅಧಿಕಾರಿ ಅದನ್ನೇ ನೋಡುತ್ತಾ ನಿಂತರು. "ಇದೇನ್ರೀ ಇದು? ದೋಸೆ ಹುಯ್ದ ಹಾಗಿದೆ?"

"ಎಲ್ಲಿ ಸಾರ್?" ಅಂದರು ಅಣ್ಣ.

"ಇಲ್ಲೇ, ನಿಮ್ಮ ಕಾಲಿನ ಮುಂದೆ."

ಅಣ್ಣ ಬಗ್ಗಿದರು. ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಸರಿಯಾಗಿ ಅದರ ಮೇಲೆಯೇ ಒಂದು ಕಾಲಿಟ್ಟು, "ಎಲ್ಲಿ ಸಾರ್, ಎಲ್ಲಿ?" ಅಂದರು. ಅಧಿಕಾರಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಣ್ಣನಿಗೆ ಕಣ್ಣು ಕಾಣದ್ದು ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು.

"ಅದು ನಾನ್ ಮಾಡಿದ್ದು ಸೋಮಿ," ಅಂದೆ. "ನಾಯಿ ಬತ್ತದೆ, ಮಂಜು ಬೀಳ್ತದೆ ಅಂತ ಮಂಕರಿ ಮುಚ್ತಿದ್ದೆ. ಅಣ್ಣಂಗೆ ಗೊತ್ತಿಲ್ಲ."

"ಮಂಕರಿ?"

ಬೇಲಿಗೆ ಒರಗಿಸಿದ್ದನ್ನು ತೋರಿಸಿದೆ. ಅಧಿಕಾರಿ ಅದನ್ನು ಎತ್ತಿಕೊಂಡರು, ಒಳಗೆ ಹೊರಗೆ ನೋಡಿದರು, ಮೂಸಿದರು, ಮುಖ ಸಿಂಡರಿಸಿದರು.

"ಕೋಳಿ ಮುಚ್ಚೋ ಮಂಕರಿ ಕಣಮ್ಮಾ ಇದು!"

"ಊಂ. ಕೋಳಿಗೆ ಬ್ಯಾರೆ ಐತೆ."

ಬಯ್ಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಅಣ್ಣ ನೆಟ್ಟಗೆ ನಿಂತು, ಧ್ವನಿ ಎತ್ತದೆ ಹೇಳಿದರು. "ಸಾರ್, ಅವಳದೇನೂ ತಪ್ಪಿಲ್ಲ. ನನಗೆ ಕಣ್ಣು ಕಾಣಲ್ಲ. ಬೇಸಿಗೆಯಿಂದ ಓದೋದೆಲ್ಲ ಅವಳೇ. ನಾನು ಬರೆಯೋದು ಮಾತ್ರ. ಮಂಕರಿ ಮುಚ್ಚಿದ್ದೂ ನನ್ನ ಕೆಲಸ ಉಳಿಸೋಕೆ."

ಎಲ್ಲ ಮುಗಿಯಿತು ಅಂತ ನನಗನಿಸಿತು. ಪಿಂಚಣಿಗೆ ಬಾಕಿ ಇದ್ದದ್ದು ಐದು ತಿಂಗಳು. ಉಳಿಸಲು ಹೋದವಳೇ ಕಳೆದೆ.

ಅಧಿಕಾರಿ ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದು, "ಓದು," ಅಂದರು. ಒಂದೊಂದೇ ಓದಿದೆ. ಅವರು ಒಂದೊಂದನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಒಂದು ಕಡೆ, "ಹದಿಮೂರಲ್ಲವೇನಮ್ಮಾ?" ಅಂದರು.

"ನೀವು ನಿಂತ್ಕೊಂಡು ನೋಡ್ತಿದ್ದೀರಿ. ಗೆರೆ ಸಮಕ್ಕೆ ಕಣ್ಣಿಡ್ಬೇಕು. ಹನ್ನೆರಡೂವರೆ."

ಅವರು ಬಗ್ಗಿ ನೋಡಿದರು. ಹನ್ನೆರಡೂವರೆ ಅಂತಲೇ ಬರೆದುಕೊಂಡರು. ಆಮೇಲೆ ಮಳೆ ಡಬ್ಬದ ಪಕ್ಕದ ಕಟ್ಟೆಯ ಮೇಲೆ ಕೂತರು. ಕಾಗದದ ಕಟ್ಟು ಬಿಚ್ಚಿ ಹಳೆಯ ಅಂಕಿಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದರು. ಕೊನೆಗೆ ನನಗೆ ಹೇಳಿದರು.

"ಮಂಜು ಮೇಲಿಂದ ಬೀಳಲ್ಲಮ್ಮ. ರಾತ್ರಿ ನೆಲ ತನ್ನ ಬಿಸಿನ ಆಕಾಶಕ್ಕೆ ಬಿಡುತ್ತೆ. ಆ ಬಿಸಿಗೆ ಬೆಳಕಿಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಕಾಣಲ್ಲ. ಒಲೆಯಿಂದ ಇಳಿಸಿದ ಹೆಂಚು ಕೆಂಪಗಿರಲ್ಲ, ಆದ್ರೂ ಪಕ್ಕದಲ್ಲಿ ಕೈ ಹಿಡಿದ್ರೆ ಗೊತ್ತಾಗುತ್ತಲ್ಲ, ಹಾಗೆ. ಮೇಲೆ ಮೋಡ ಇಲ್ಲದಿದ್ರೆ ಬಿಟ್ಟಿದ್ದು ಬಹಳಷ್ಟು ಹೋಗೇಬಿಡುತ್ತೆ. ನೆಲ ತಣ್ಣಗಾಗಿ, ಪಕ್ಕದ ಗಾಳಿಯಲ್ಲಿರೋ ತೇವಾನೇ ಅದರ ಮೇಲೆ ಕೂರುತ್ತೆ. ನಿನ್ನ ಮಂಕರಿ ಆ ಬಿಸಿನ ಹಿಡಿದು ವಾಪಸ್ ಕೆಳಕ್ಕೇ ಕೊಟ್ಟಿದೆ. ಅದಕ್ಕೇ ಅಲ್ಲಿ ಮಂಜಿಲ್ಲ."

"ಅನ್ನದ್ ಮ್ಯಾಲೆ ತಟ್ಟೆ ಮುಚ್ಚಿದಂಗೆ," ಅಂದೆ.

"ಹಾಗೇ ಅಂತಿಟ್ಕೋ. ಗಾಳಿಯೊಳಗಿನ ತೇವ ಕೂಡ ಸ್ವಲ್ಪ ಅದೇ ಕೆಲಸ ಮಾಡುತ್ತೆ. ಬರೋ ಬಿಸಿಲನ್ನ ಒಳಗೆ ಬಿಡುತ್ತೆ, ಹೋಗೋ ಬಿಸಿನ ತಡೆಯುತ್ತೆ. ಅದೂ ಇಲ್ಲದಿದ್ದಿದ್ರೆ ರಾತ್ರಿ ನಾವೆಲ್ಲ ಮರಗಟ್ಟಿ ಹೋಗ್ತಿದ್ವಿ."

ಆಮೇಲೆ ಅಣ್ಣನ ಕಡೆ ತಿರುಗಿದರು. ಎರಡು ತಿಂಗಳ ನೆಲದ ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಮುಚ್ಚಿಟ್ಟದ್ದು ಅಂತ ಬರೆದರು. ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟರು, ಸರಿಯಾಗಿವೆ ಅಂತ. "ನಾಳೆಯೇ ರಜಾ ಅರ್ಜಿ ಕೊಡಿ. ಕಣ್ಣು ಮಾಡಿಸಿಕೊಂಡು ಬನ್ನಿ. ರಜಾದಲ್ಲಿದ್ದವರನ್ನ ಯಾರೂ ಕೆಲಸದಿಂದ ತೆಗೆಯಲ್ಲ. ಅಲ್ಲಿಯವರೆಗೆ ಈಯಮ್ಮ ಓದಲಿ, ಅದಕ್ಕೆ ಅನುಮತಿ ನಾನು ಬರೆದುಕೊಡ್ತೀನಿ. ಮಾಡಿಸಿಕೊಳ್ಳಲ್ಲ ಅಂದ್ರೆ ಮಾತ್ರ ನಾನು ಏನೂ ಮಾಡೋಕಾಗಲ್ಲ."

ಅಣ್ಣ ಎರಡು ಕಣ್ಣನ್ನೂ ಅಂಗೈಯಿಂದ ಮುಚ್ಚಿಕೊಂಡರು. ಅವರಿಗೆ ಕೆಲಸಕ್ಕಿಂತ ಕತ್ತಿಯ ಭಯ ದೊಡ್ಡದಾಗಿತ್ತು ಅಂತ ನನಗೆ ಕಂಡಿತು.

"ಓಗಣ್ಣ," ಅಂದೆ. "ನಿಮ್ ಚಿತ್ತಪ್ಪನ ಕಣ್ಣು ನಿಮ್ ಕಣ್ಣಾ? ನೀವು ಇಂಗೇ ನಿಂತ್ಕೊಂಡ್ರೆ ಅತ್ತಿಗೆಗೆ ಅನ್ನ ಆಕೋರ್ಯಾರು?"

ಒರಟಾಗಿಯೇ ಹೇಳಿದೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಅವರು ಮರುದಿನ ಅರ್ಜಿ ಕೊಟ್ಟರು.

ಅವರು ಇಲ್ಲದ ದಿನಗಳಲ್ಲಿ ಅಧಿಕಾರಿ ಇನ್ನೊಂದು ಥರ್ಮಾಮೀಟರು ಕಳಿಸಿದರು. ಒಂದನ್ನು ಬಯಲಿಗೆ, ಒಂದನ್ನು ಮಂಕರಿಯ ಕೆಳಗೆ ಇಟ್ಟು ಹದಿನೈದು ದಿನ ಎರಡನ್ನೂ ಬರೆದು ಕಳಿಸು ಅಂದರು. ಬರೆಯುವುದು! ಮೊದಲ ದಿನ ಪೆನ್ನು ಹಿಡಿದ ಕೈ ಬೆವೆತಿತ್ತು. ನಿರ್ಮಲವಾದ ಬೆಳಿಗ್ಗೆ ಬಯಲಿನದು ತಣ್ಣಗೆ, ಮಂಕರಿಯದು ಬೆಚ್ಚಗೆ. ಮೂರು ದಿನ ಮೋಡ ಕವಿದಿತ್ತು. ಆ ಮೂರು ದಿನವೂ ಎರಡರಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ; ಮೋಡವೇ ಮುಚ್ಚಿರುವಾಗ ಮಂಕರಿಗೆ ಏನು ಕೆಲಸ?

ಮನೆಯಲ್ಲಿ ಅತ್ತೆಗೆ ಹೇಳಿದೆ. "ಅತ್ತೆ, ಮಂಜು ಮ್ಯಾಲಿಂದ ಬೀಳಲ್ವಂತೆ."

"ಮತ್ತೇನು, ನಿಮ್ಮಪ್ಪನ ಮನೆಯಿಂದ ಬತ್ತದಾ?"

"ಇಲ್ಲೇ ಗಾಳಿಯಾಗಿರೋದು ಕೂರ್ತದಂತೆ."

"ಸರಿ ಬಿಡಮ್ಮ. ಕಸ ಗುಡ್ಸೋಕೋದೋಳು ಈಗ ಆಕಾಸಕ್ಕೇ ಬುದ್ಧಿ ಯೋಳ್ತಾವ್ಳೆ. ಪೈರಿಗೆ ಉಲ್ಲು ಮುಚ್ಚಿದ್ಯಾ ಇಲ್ವಾ?"

"ಮುಚ್ಚಿವ್ನಿ."

"ಎಲ್ಲಿಂದ ಬಂದ್ರೇನು ಮತ್ತೆ."

ಕಾರಣ ಗೊತ್ತಿಲ್ಲದೆಯೇ ನಮ್ಮವರು ಸರಿಯಾದ ಕೆಲಸ ಮಾಡಿಕೊಂಡು ಬಂದಿದ್ದರು. ಪೈರಿಗೆ ಸರಿಯಾದದ್ದು ಥರ್ಮಾಮೀಟರಿಗೆ ತಪ್ಪಾಯಿತು, ಅಷ್ಟೇ.

ಐದು ವಾರದ ಮೇಲೆ ಅಣ್ಣ ಬಂದರು. ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ. ಅದರ ಹಿಂದೆ ಕಣ್ಣು ಎರಡು ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬಂದವರು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ, ನನ್ನ ಎದುರಿಗೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಏನ್ ತಂಗಚ್ಚಿ, ಇಷ್ಟು ನರೆ ಯಾವಾಗ ಬಂತು ನಿನಗೆ? ನಾನು ಇನ್ನೂ ಚಿಕ್ಕ ಹುಡುಗಿ ಅಂದ್ಕೊಂಡು ಕೆಲಸ ಹೇಳ್ತಿದ್ದೆನಲ್ಲಮ್ಮ."

"ಕಣ್ಣು ಬಂದಿದ್ದೇ ತಪ್ಪಾಯ್ತು ನೋಡು," ಅಂದೆ.

ಪುಸ್ತಕ ತೆಗೆದು ನಾನು ಬರೆದ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ಅಂಕಿಗಳು ಮೂಟೆ ಹೊತ್ತವರ ಹಾಗೆ ಒಂದೊಂದು ಒಂದೊಂದು ಕಡೆಗೆ ವಾಲಿದ್ದವು. ಅವರು ಒಂದನ್ನೂ ತಿದ್ದಲಿಲ್ಲ. ಕೊನೆಯ ಪುಟದ ಕೆಳಗೆ ತಮ್ಮ ರುಜು ಹಾಕಿ, ಪಕ್ಕದಲ್ಲಿ ಜಾಗ ಬಿಟ್ಟು, "ನೀನೂ ಹಾಕು," ಅಂದರು. ರುಜು ಬರುವುದಿಲ್ಲ ಅಂದೆ. ಅವತ್ತು ಮಧ್ಯಾಹ್ನ ಎರಡರ ಓದು ಮುಗಿದ ಮೇಲೆ ಕೂರಿಸಿಕೊಂಡು ನನ್ನ ಹೆಸರು ಬರೆಯಲು ಕಲಿಸಿದರು. ಅದರಲ್ಲಿ ಎರಡು ಒತ್ತಕ್ಷರ, ಹಾಳಾದ್ದು.

ಉಳಿದ ತಿಂಗಳುಗಳನ್ನು ಅವರೇ ಓದಿ, ಅವರೇ ಬರೆದು ಮುಗಿಸಿದರು. ಪಿಂಚಣಿಯ ಆದೇಶ ಬಂತು. ಆಮೇಲೆ ಓದುವ ಕೆಲಸ ನನಗೇ ಬಂತು, ಕೂಲಿಯ ಮೇಲೆ. ಕಾಯಂ ಮಾಡಲು ಮೇಲಿನವರು ಹತ್ತು ವರ್ಷ ತೆಗೆದುಕೊಂಡರು, ಅದು ಬೇರೆ ಮಾತು. ಆ ಅಧಿಕಾರಿಯನ್ನು ನಾನು ಮತ್ತೆ ನೋಡಲಿಲ್ಲ. ಅವತ್ತು ಅವರು ಆ ಕಟ್ಟೆಯ ಮೇಲೆ ಕೂತು ಯೋಚಿಸದೆ ಜೀಪು ಹತ್ತಿ ಹೋಗಿದ್ದರೆ ಎಲ್ಲ ಬೇರೆಯಾಗಿರುತ್ತಿತ್ತು. ಅವರು ಎಲ್ಲಿದ್ದರೂ ತಣ್ಣಗಿರಲಿ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಅಣ್ಣ ಪಿಂಚಣಿ ತೆಗೆದುಕೊಂಡು ಬಹಳ ವರ್ಷ ಬದುಕಿದರು. ತೊಂಬತ್ತರ ದಶಕದಲ್ಲೂ ಇದ್ದರು. ಅವರೂ ಹೆಂಡತಿಯೂ ಕೊನೆಯವರೆಗೆ ಯಾರ ಮನೆಯ ಬಾಗಿಲಲ್ಲೂ ಊಟಕ್ಕೆ ನಿಲ್ಲಲಿಲ್ಲ.